ಸರಕಿನ ದೋಷ, ಸೇವೆಯ ನ್ಯೂನತೆ: ‘ಡಿಫೆಕ್ಟ್’ ಮತ್ತು ‘ಡಿಫಿಷಿಯೆನ್ಸಿ’ ಪದಗಳ ಅಂತರ

ದೂರು ಬಾರದ ವ್ಯಾಪಾರವಿಲ್ಲ. ಆದರೆ ದೂರಿಗೆ ಬರೆಯುವ ಉತ್ತರದಲ್ಲಿ ಬಳಸಿದ ಒಂದು ಪದವು ಮುಂದೆ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ರೂಪಾಯಿಗಳ ಹೊಣೆಯನ್ನು ತಂದೊಡ್ಡಬಹುದೆಂಬ ಅರಿವು ಎಲ್ಲ ವರ್ತಕರಲ್ಲಿಯೂ ಇರುವುದಿಲ್ಲ. ಗ್ರಾಹಕ ವ್ಯಾಜ್ಯಗಳಲ್ಲಿ ಪದೇ ಪದೇ ಕೇಳಿಬರುವ ‘ಡಿಫೆಕ್ಟ್’ ಮತ್ತು ‘ಡಿಫಿಷಿಯೆನ್ಸಿ’ ಎಂಬ ಎರಡು ಪದಗಳು ಈ ಮಾತಿಗೆ ಉತ್ತಮ ನಿದರ್ಶನ. ಎರಡನ್ನೂ ‘ದೋಷ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಕಾನೂನು ಮಾತ್ರ ಅವೆರಡಕ್ಕೂ ಬೇರೆ ಬೇರೆ ವ್ಯಾಖ್ಯೆ ನೀಡಿದೆ.

ವಿಷಯದ ಸ್ಪಷ್ಟತೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ತಾಲ್ಲೂಕು ಕೇಂದ್ರವೊಂದರಲ್ಲಿ ಪಂಪ್‌ಸೆಟ್ಟುಗಳ ಅಂಗಡಿಯಿದೆ. ರೈತನೊಬ್ಬನು ಕೊಂಡ ಪಂಪ್‌ಸೆಟ್ಟಿನ ಮೋಟಾರು ಮೂರು ವಾರಗಳಲ್ಲಿ ಸುಟ್ಟುಹೋಯಿತು. ವಾರಂಟಿ ಅವಧಿಯಿದ್ದರೂ ಅಂಗಡಿಯ ಮೆಕ್ಯಾನಿಕ್ ಬಂದದ್ದು ಹನ್ನೊಂದು ದಿನಗಳ ನಂತರ. ಅಷ್ಟರಲ್ಲಿ ಬೆಳೆ ಒಣಗಿತ್ತು. ರೈತನ ಪತ್ರಕ್ಕೆ ಅಂಗಡಿಯ ಮಾಲೀಕರು ಸೌಜನ್ಯದಿಂದ, “ಸರಕಿನಲ್ಲಿರುವ ದೋಷವನ್ನು ತಯಾರಕರ ಗಮನಕ್ಕೆ ತಂದಿದ್ದೇವೆ, ಆದ ತೊಂದರೆಗೆ ವಿಷಾದಿಸುತ್ತೇವೆ” ಎಂದು ಉತ್ತರ ಬರೆದರು. ಮೋಟಾರನ್ನು ಬಿಚ್ಚಿ ನೋಡುವ ಮೊದಲೇ, ಅದು ಏಕೆ ಸುಟ್ಟಿತೆಂದು ತಿಳಿಯುವ ಮೊದಲೇ, ಸರಕಿನಲ್ಲಿ ದೋಷವಿದೆ ಎಂದು ಅವರು ಲಿಖಿತವಾಗಿ ಒಪ್ಪಿಕೊಂಡಂತಾಯಿತು. ತಮ್ಮದೇ ಮೆಕ್ಯಾನಿಕ್ ತಡವಾಗಿ ಹೋದ ವಿಷಯವಾದರೋ ಆ ಪತ್ರದಲ್ಲಿ ಬರಲೇ ಇಲ್ಲ. ಈ ಉತ್ತರದಲ್ಲಿ ತಪ್ಪಿದ್ದೆಲ್ಲಿ ಎಂಬುದನ್ನು ಅರಿಯಬೇಕಾದರೆ ಎರಡೂ ಪದಗಳ ಅರ್ಥವನ್ನು ಮೊದಲಿನಿಂದ ನೋಡಬೇಕು.

ಪದಗಳ ಮೂಲ

ಎರಡೂ ಒಂದೇ ಬೇರಿನಿಂದ ಬಂದ ಪದಗಳು. ಲ್ಯಾಟಿನ್ ಭಾಷೆಯ ‘ಡೆಫಿಕೆರೆ’ ಎಂಬ ಕ್ರಿಯಾಪದಕ್ಕೆ ಕೈಕೊಡು, ಸಾಲದೆ ಹೋಗು ಎಂಬ ಅರ್ಥಗಳಿವೆ. ಲೆಕ್ಕಪತ್ರಗಳಲ್ಲಿ ಕಾಣುವ ‘ಡೆಫಿಸಿಟ್’ ಸಹ ಇದೇ ಮನೆತನಕ್ಕೆ ಸೇರಿದ್ದು. ಒಂದೇ ಮನೆಯ ಮಕ್ಕಳಾದರೂ ಕಾಲಕ್ರಮದಲ್ಲಿ ಅವುಗಳ ಕಸುಬು ಬೇರೆಯಾಯಿತು. ಸಾಮಾನ್ಯ ಇಂಗ್ಲಿಷಿನಲ್ಲಿ ‘ಡಿಫೆಕ್ಟ್’ ಎಂದರೆ ಇರುವ ವಸ್ತುವಿನಲ್ಲಿ ಕಾಣುವ ಕೆಡಕು. ‘ಡಿಫಿಷಿಯೆನ್ಸಿ’ ಎಂದರೆ ಇರಬೇಕಾದುದು ಇರಬೇಕಾದಷ್ಟು ಇಲ್ಲದಿರುವುದು. ಹುಟ್ಟಿನಿಂದಲೇ ಹೃದಯದ ರಚನೆಯಲ್ಲಿರುವ ಐಬನ್ನು ವೈದ್ಯರು ಡಿಫೆಕ್ಟ್ ಎನ್ನುತ್ತಾರೆ. ರಕ್ತದಲ್ಲಿ ಕಬ್ಬಿಣದ ಅಂಶ ಸಾಲದಿದ್ದರೆ ಡಿಫಿಷಿಯೆನ್ಸಿ ಎನ್ನುತ್ತಾರೆ. ಮೊದಲನೆಯದನ್ನು ಸರಿಪಡಿಸಬೇಕು, ಎರಡನೆಯದನ್ನು ತುಂಬಿಕೊಡಬೇಕು.

ಕನ್ನಡಿಗರಿಗೆ ಈ ಭೇದ ಹೊಸದಲ್ಲ. ‘ಕುಂದುಕೊರತೆ’ ಎಂಬ ಜೋಡುಪದದಲ್ಲಿ ಅದು ಎಂದಿನಿಂದಲೂ ಅಡಗಿದೆ. ಕುಂದು ಎಂದರೆ ಇರುವುದರಲ್ಲಿನ ಊನ; ಕೊರತೆ ಎಂದರೆ ಸಾಲದಿರುವಿಕೆ. ಜಾನುವಾರು ಸಂತೆಯಲ್ಲಿ ಎತ್ತಿನ ಐಬು ನೋಡುವವನಿಗೂ, ಮೇವಿನ ಕೊರತೆಯ ಬಗ್ಗೆ ಮಾತನಾಡುವವನಿಗೂ ಎರಡರ ಅಂತರ ಚೆನ್ನಾಗಿಯೇ ತಿಳಿದಿರುತ್ತದೆ. ಆದರೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಹೇಳಿ, ನಡುವಿನ ಗೆರೆ ಮಾಸಿಹೋಗಿದೆ. ಕನ್ನಡದ ನ್ಯಾಯಾಲಯ ವರದಿಗಳಲ್ಲಿ ಡಿಫಿಷಿಯೆನ್ಸಿಗೆ ‘ಸೇವಾ ನ್ಯೂನತೆ’ ಎಂಬ ಪದ ರೂಢಿಗೆ ಬಂದಿದೆ. ಈ ಲೇಖನದಲ್ಲಿಯೂ ಡಿಫೆಕ್ಟ್ ಎಂಬಲ್ಲಿ ‘ದೋಷ’, ಡಿಫಿಷಿಯೆನ್ಸಿ ಎಂಬಲ್ಲಿ ‘ನ್ಯೂನತೆ’ ಎಂದು ಬಳಸಲಾಗಿದೆ.

ಕಾಯಿದೆಯ ವ್ಯಾಖ್ಯೆ

1986ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಈ ಎರಡೂ ಪದಗಳಿಗೆ ಪ್ರತ್ಯೇಕ ವ್ಯಾಖ್ಯೆ ನೀಡಿತ್ತು. ಅದರ ಸ್ಥಾನದಲ್ಲಿ 2020ರ ಜುಲೈ ತಿಂಗಳಿನಲ್ಲಿ ಜಾರಿಗೆ ಬಂದ 2019ರ ಕಾಯಿದೆಯೂ ಆ ಭೇದವನ್ನು ಉಳಿಸಿಕೊಂಡಿದೆ. ಹೊಸ ಕಾಯಿದೆಯ 2ನೇ ಕಲಮಿನ 10ನೇ ಉಪಕಲಮಿನಲ್ಲಿ ದೋಷ, 11ನೇ ಉಪಕಲಮಿನಲ್ಲಿ ನ್ಯೂನತೆ ವ್ಯಾಖ್ಯಾನಗೊಂಡಿವೆ.

ದೋಷ ಎಂದರೆ ಸರಕಿನ ಅಥವಾ ಉತ್ಪನ್ನದ ಗುಣಮಟ್ಟ, ಪ್ರಮಾಣ, ಸಾಮರ್ಥ್ಯ, ಶುದ್ಧತೆ ಅಥವಾ ದರ್ಜೆಯಲ್ಲಿರುವ ತಪ್ಪು, ಅಪೂರ್ಣತೆ ಅಥವಾ ಕುಂದು. ಈ ಮಟ್ಟವನ್ನು ಯಾವುದಾದರೂ ಕಾನೂನು ವಿಧಿಸಿರಬಹುದು. ಬಾಯಿಬಿಟ್ಟು ಹೇಳಿದ ಅಥವಾ ಹೇಳದೆಯೇ ಅರ್ಥವಾಗುವ ಕರಾರು ವಿಧಿಸಿರಬಹುದು. ಇಲ್ಲವೆ ವರ್ತಕನೇ ಯಾವುದಾದರೂ ರೀತಿಯಲ್ಲಿ ಹೇಳಿಕೊಂಡಿರಬಹುದು. ಕೊನೆಯ ಮಾತನ್ನು ವರ್ತಕರು ವಿಶೇಷವಾಗಿ ಗಮನಿಸಬೇಕು. ಅಂಗಡಿಯ ಫಲಕ, ಕರಪತ್ರ, ಪೊಟ್ಟಣದ ಮೇಲಿನ ಬರಹ ಇವೆಲ್ಲವೂ ಸರಕನ್ನು ಅಳೆಯುವ ಅಳತೆಗೋಲುಗಳಾಗುತ್ತವೆ. ‘ಇಪ್ಪತ್ತು ವರ್ಷ ತುಕ್ಕು ಹಿಡಿಯದು’ ಎಂದು ಹೇಳಿ ಮಾರಿದ ತಗಡು ಐದನೆಯ ವರ್ಷದಲ್ಲಿ ತುಕ್ಕು ಹಿಡಿದರೆ, ತಗಡಿನ ವ್ಯಾಪಾರದಲ್ಲಿ ಐದು ವರ್ಷದ ಬಾಳಿಕೆ ಸಾಧಾರಣವೆಂಬ ವಾದ ವರ್ತಕನ ನೆರವಿಗೆ ಬರುವುದು ಕಷ್ಟ.

ನ್ಯೂನತೆ ಎಂದರೆ ಸೇವೆಯ ಗುಣಮಟ್ಟ, ಸ್ವರೂಪ ಮತ್ತು ನಿರ್ವಹಣೆಯ ರೀತಿಯಲ್ಲಿರುವ ತಪ್ಪು, ಅಪೂರ್ಣತೆ, ಕುಂದು ಅಥವಾ ಅಸಮರ್ಪಕತೆ. ದೋಷದ ವ್ಯಾಖ್ಯೆಯಲ್ಲಿ ಇಲ್ಲದ ‘ಅಸಮರ್ಪಕತೆ’ ಎಂಬ ಮಾತು ಇಲ್ಲಿ ಹೆಚ್ಚುವರಿಯಾಗಿ ಸೇರಿದೆ. ಸಾಲದಿರುವಿಕೆ ಎಂಬ ಮೂಲಾರ್ಥದ ನೆರಳು ಇದು. ಅಲ್ಲದೆ 2019ರ ಕಾಯಿದೆಯು ನ್ಯೂನತೆಯ ವ್ಯಾಪ್ತಿಯನ್ನು ಎರಡು ದಿಕ್ಕಿನಲ್ಲಿ ಬಿಡಿಸಿ ಹೇಳಿದೆ. ಗ್ರಾಹಕನಿಗೆ ನಷ್ಟ ಅಥವಾ ಹಾನಿ ಉಂಟುಮಾಡುವ ಅಲಕ್ಷ್ಯ, ಲೋಪ ಅಥವಾ ಕೃತ್ಯ ಒಂದು. ಗ್ರಾಹಕನಿಗೆ ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದು ಇನ್ನೊಂದು.

ತೂಕದ ಕೊರತೆಯೂ ದೋಷವೇ

ಭಾಷೆಯ ಭೇದವೂ ಕಾಯಿದೆಯ ಭೇದವೂ ಒಂದೇ ಅಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಹತ್ತು ಕಿಲೋ ಎಂದು ಬರೆದ ಬೇಳೆಯ ಚೀಲದಲ್ಲಿ ಒಂಬತ್ತೂವರೆ ಕಿಲೋ ಇದ್ದರೆ, ರೂಢಿಯ ಮಾತಿನಲ್ಲಿ ಅದು ಕೊರತೆ. ಬೇಳೆ ಕೆಟ್ಟಿಲ್ಲ, ಇರಬೇಕಾದಷ್ಟು ಇಲ್ಲ, ಅಷ್ಟೇ. ಆದರೆ ಕಾಯಿದೆಯು ‘ಪ್ರಮಾಣ’ ಎಂಬ ಪದವನ್ನು ದೋಷದ ವ್ಯಾಖ್ಯೆಯಲ್ಲಿ ಇರಿಸಿದೆ. ಆದ್ದರಿಂದ ತೂಕದಲ್ಲಿ ಕಡಿಮೆಯಿರುವ ಚೀಲವು ಕಾನೂನಿನ ಕಣ್ಣಿನಲ್ಲಿ ದೋಷಯುಕ್ತ ಸರಕು. ಇದಕ್ಕೆ ಪ್ರತಿಯಾಗಿ, ದುರಸ್ತಿಗೆಂದು ಕೊಟ್ಟ ಯಂತ್ರಕ್ಕೆ ಕೆಲಸಗಾರನು ತಪ್ಪು ಬೇರಿಂಗ್ ಕೂರಿಸಿ ಕೆಡಿಸಿದರೆ, ಕಣ್ಣಿಗೆ ಕಾಣುವುದು ಯಂತ್ರದ ಕೆಡಕು. ಕಾಯಿದೆಗೆ ಅದು ಸೇವೆಯ ನ್ಯೂನತೆ.

ಹಾಗಾಗಿ ಗ್ರಾಹಕ ಕಾಯಿದೆಯ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಕೆಟ್ಟಿದೆಯೋ, ಸಾಲದಾಗಿದೆಯೋ’ ಎಂಬುದಲ್ಲ. ‘ಗ್ರಾಹಕನು ಹಣ ಕೊಟ್ಟದ್ದು ಸರಕಿಗೋ, ಸೇವೆಗೋ’ ಎಂಬುದು. ಸರಕಿಗಾದರೆ ದೋಷ, ಸೇವೆಗಾದರೆ ನ್ಯೂನತೆ. ಈ ಒಂದು ಉತ್ತರದ ಮೇಲೆ ಏನನ್ನು ರುಜುವಾತುಪಡಿಸಬೇಕು, ಯಾರು ಹೊಣೆ, ಪರಿಹಾರವೇನು ಎಂಬ ಮೂರು ವಿಷಯಗಳು ನಿಲ್ಲುತ್ತವೆ.

ರುಜುವಾತಿನ ದಾರಿ

ಸರಕಿನ ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಧರಿಸಲಾಗದು ಎಂದಾದರೆ, 38ನೇ ಕಲಮಿನಂತೆ ಜಿಲ್ಲಾ ಆಯೋಗವು ಸರಕಿನ ಮಾದರಿಯನ್ನು ಪಡೆದು, ಮೊಹರು ಮಾಡಿ, ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಬೇಕು. ವರದಿ ನೀಡಲು ಪ್ರಯೋಗಾಲಯಕ್ಕೆ 45 ದಿನಗಳ ಅವಧಿಯಿದೆ. ಆಯೋಗವು ಅದನ್ನು ವಿಸ್ತರಿಸಬಹುದು. ವರದಿಯನ್ನು ಒಪ್ಪದ ಪಕ್ಷವು ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ದೂರುಗಳ ವಿಲೇವಾರಿಗೆ ಕಾಯಿದೆ ಹಾಕಿಕೊಟ್ಟಿರುವ ಗುರಿಯೂ ಇದಕ್ಕೆ ತಕ್ಕಂತಿದೆ: ಪರೀಕ್ಷೆ ಬೇಡದ ದೂರಿಗೆ ಮೂರು ತಿಂಗಳು, ಪರೀಕ್ಷೆ ಬೇಕಾದ ದೂರಿಗೆ ಐದು ತಿಂಗಳು.

ಆದರೆ ಪರೀಕ್ಷೆಯ ವರದಿಯಿಲ್ಲ ಎಂಬ ಒಂದೇ ವಾದ ವರ್ತಕನನ್ನು ಎಲ್ಲ ಕಾಲದಲ್ಲಿಯೂ ಕಾಪಾಡದು. ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರಪ್ರದೇಶದ ರೈತರ ನಡುವಿನ ಪ್ರಕರಣದಲ್ಲಿ 2012ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಬಿತ್ತನೆ ಮಾಡಿದ ರೈತನು ಪರೀಕ್ಷೆಗೆಂದು ಬೀಜದ ಮಾದರಿಯನ್ನು ತೆಗೆದಿಟ್ಟಿರಬೇಕೆಂದು ನಿರೀಕ್ಷಿಸಲಾಗದು ಎಂದಿತು. ಮಾದರಿಯನ್ನು ಒದಗಿಸಿ ಪರೀಕ್ಷೆ ಕೋರುವ ಅವಕಾಶ ನಿಗಮಕ್ಕೇ ಇತ್ತೆಂಬುದನ್ನು ಅದು ಗಮನಿಸಿತು. ಬೀಜ, ಗೊಬ್ಬರ, ಕೀಟನಾಶಕ, ಬಣ್ಣ, ಸಿಮೆಂಟು ಮೊದಲಾಗಿ ಬಳಸಿದೊಡನೆ ಕರಗಿಹೋಗುವ ಸರಕುಗಳ ತಯಾರಕರಿಗೂ ವ್ಯಾಪಾರಿಗಳಿಗೂ ಇದರಲ್ಲಿ ಪಾಠವಿದೆ. ಪ್ರತಿ ತಂಡದ ಸರಕಿನಿಂದ ಒಂದು ಮೊಹರಾದ ಮಾದರಿಯನ್ನು ತೆಗೆದಿರಿಸಿಕೊಳ್ಳುವ ಖರ್ಚು ಅಲ್ಪ. ಅದಿಲ್ಲದಿರುವಾಗ ಆಗುವ ನಷ್ಟ ದೊಡ್ಡದು.

ಸೇವೆಯ ನ್ಯೂನತೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಲಾಗದು. ಅಲ್ಲಿ ಸಾಕ್ಷ್ಯವೆಂದರೆ ಕಾಗದಪತ್ರ: ಏನನ್ನು ಒಪ್ಪಿಕೊಳ್ಳಲಾಗಿತ್ತು, ಏನನ್ನು ಮಾಡಲಾಯಿತು, ಯಾವ ದಿನ ಮಾಡಲಾಯಿತು. ರುಜುವಾತಿನ ಭಾರ ಮೊದಲಿಗೆ ದೂರುದಾರನ ಮೇಲೆಯೇ ಇರುತ್ತದೆ. ಪಾಸ್‌ಪೋರ್ಟಿನ ಭಾವಚಿತ್ರದ ಬಗ್ಗೆ ಸಂಶಯ ಬಂದು ಪ್ರಯಾಣಿಕನೊಬ್ಬನನ್ನು ತಡೆದು ಪರಿಶೀಲಿಸಿದ ವಿಮಾನ ಸಂಸ್ಥೆಯ ಪ್ರಕರಣದಲ್ಲಿ, ಪ್ರಾಮಾಣಿಕವಾಗಿ ಕೈಗೊಂಡ ಎಚ್ಚರಿಕೆಯ ಕ್ರಮ ನ್ಯೂನತೆಯಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಹೇಳಿತು. ರಫ್ತಾದ ಶೇಂಗಾ ಸರಕಿನ ತಪಾಸಣೆಗೆ ಸಂಬಂಧಿಸಿದ 2021ರ ತೀರ್ಪು ವರ್ತಕರಿಗೆ ಇನ್ನೂ ಹತ್ತಿರದ್ದು. ಸರಕು ತಲುಪಿದ ಕಡೆ ಗುಣಮಟ್ಟ ಕಡಿಮೆಯೆಂದು ಕಂಡುಬಂದಿತ್ತು. ಆದರೆ ಅಷ್ಟರಿಂದಲೇ ಸಾಗಣೆಗೆ ಮುನ್ನ ತಪಾಸಣೆ ಮಾಡಿದ ಸಂಸ್ಥೆಯ ಸೇವೆಯಲ್ಲಿ ನ್ಯೂನತೆಯಿತ್ತೆಂದು ಸಾಬೀತಾಗದು ಎಂದು ನ್ಯಾಯಾಲಯವು ತಪಾಸಣಾ ಸಂಸ್ಥೆಯ ಪರವಾಗಿ ತೀರ್ಪಿತ್ತಿತು. ಸರಕು ಕೆಟ್ಟಿರುವುದು ಒಂದು ಸಂಗತಿ, ಸೇವೆ ಕೆಟ್ಟಿತ್ತೆಂಬುದು ಇನ್ನೊಂದು ಸಂಗತಿ. ಒಂದು ಇನ್ನೊಂದಕ್ಕೆ ಪುರಾವೆಯಲ್ಲ.

ಹೊಣೆ ಯಾರದು?

ಸರಕಿನ ತಯಾರಿಕೆಯಲ್ಲಿನ ದೋಷಕ್ಕೆ ಮುಖ್ಯ ಹೊಣೆ ತಯಾರಕನದು; ಮಾರಾಟದ ನಂತರದ ಸೇವೆಯ ನ್ಯೂನತೆಗೆ ಆ ಸೇವೆಯನ್ನು ಒಪ್ಪಿಕೊಂಡವನು ಹೊಣೆ. ಗೋವಾದ ಕಾರು ಮಾರಾಟದ ಪ್ರಕರಣವೊಂದು ಈ ಅಂತರವನ್ನು ಎತ್ತಿ ತೋರಿಸುತ್ತದೆ. 2011ರ ಮಾದರಿಯೆಂದು ಹಣ ಪಡೆದು, ಆಗಲೇ ಓಡಿದ್ದ 2009ರ ಮಾದರಿಯ ಕಾರನ್ನು ಕೊಡಲಾಗಿತ್ತು ಎಂಬುದು ಗ್ರಾಹಕನ ದೂರು. ವ್ಯಾಪಾರಿ ಮತ್ತು ತಯಾರಕರ ಸಂಬಂಧ ಸ್ವತಂತ್ರ ವ್ಯವಹಾರಸ್ಥರ ನಡುವಿನದಾಗಿದ್ದು, ತಯಾರಕರಿಗೆ ಈ ಸಂಗತಿ ತಿಳಿದಿತ್ತೆಂಬುದಕ್ಕೆ ಆಧಾರವಿಲ್ಲದ ಕಾರಣ, 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಯಾರಕ ಕಂಪನಿಯನ್ನು ಹೊಣೆಯಿಂದ ಬಿಡುಗಡೆ ಮಾಡಿತು. ದೂರು ವ್ಯಾಪಾರಿಯ ನಡವಳಿಕೆಯ ಬಗ್ಗೆ ಇತ್ತೇ ಹೊರತು ಕಾರಿನ ತಯಾರಿಕೆಯ ಬಗ್ಗೆ ಇರಲಿಲ್ಲ.

2019ರ ಕಾಯಿದೆಯ ಆರನೆಯ ಅಧ್ಯಾಯವು ಉತ್ಪನ್ನ ಹೊಣೆಗಾರಿಕೆಯೆಂಬ ಹೊಸ ವಿಷಯವನ್ನು ತಂದಿದೆ. ದೋಷಯುಕ್ತ ಉತ್ಪನ್ನದಿಂದ ಹಾನಿಯಾದರೆ ಪರಿಹಾರ ಕೇಳುವ ಹಕ್ಕು ಅದು. 84ನೇ ಕಲಮಿನಂತೆ ತಯಾರಿಕೆಯ ದೋಷ, ವಿನ್ಯಾಸದ ದೋಷ, ನಿಗದಿತ ತಯಾರಿಕಾ ವಿವರಗಳಿಂದ ದೂರ ಸರಿದಿರುವುದು, ಕೊಟ್ಟ ವಾರಂಟಿಗೆ ತಕ್ಕಂತಿಲ್ಲದಿರುವುದು, ಸರಿಯಾದ ಬಳಕೆಯ ಸೂಚನೆ ಅಥವಾ ಎಚ್ಚರಿಕೆ ಇಲ್ಲದಿರುವುದು ಇವು ತಯಾರಕನನ್ನು ಹೊಣೆ ಮಾಡುತ್ತವೆ. ಕೊನೆಯದನ್ನು ಗಮನಿಸಬೇಕು. ಯಂತ್ರ ನೂರಕ್ಕೆ ನೂರು ಸರಿಯಿದ್ದರೂ, ಜೊತೆಗಿರಬೇಕಾದ ಸೂಚನಾಪತ್ರ ಇಲ್ಲದಿರುವುದೇ ಹೊಣೆಗೆ ಕಾರಣವಾಗಬಲ್ಲದು. ಸಣ್ಣ ಉದ್ದಿಮೆದಾರರು ಯಂತ್ರಕ್ಕೆ ತೋರುವ ಶ್ರದ್ಧೆಯನ್ನು ಸೂಚನಾಪತ್ರಕ್ಕೆ ತೋರದಿರುವುದು ಸಾಮಾನ್ಯ.

86ನೇ ಕಲಮಿನಂತೆ ಮಾರಾಟಗಾರನೂ ಕೆಲವು ಸಂದರ್ಭಗಳಲ್ಲಿ ಹೊಣೆಯಾಗುತ್ತಾನೆ. ಉತ್ಪನ್ನವನ್ನು ಮಾರ್ಪಡಿಸಿ ಅದರಿಂದ ಹಾನಿಯಾದರೆ, ತಯಾರಕನು ಕೊಟ್ಟದ್ದಕ್ಕಿಂತ ಬೇರೆಯಾಗಿ ತಾನೇ ವಾರಂಟಿ ಕೊಟ್ಟು ಉತ್ಪನ್ನವು ಅದಕ್ಕೆ ತಕ್ಕಂತಿಲ್ಲದೆ ಹಾನಿಯಾದರೆ, ತಯಾರಕನು ಯಾರೆಂಬುದೇ ತಿಳಿಯದಿದ್ದರೆ, ಜೋಡಣೆ ಮತ್ತು ಪರಿಶೀಲನೆಯಲ್ಲಿ ಎಚ್ಚರ ವಹಿಸದಿದ್ದರೆ ಅಥವಾ ತಯಾರಕನು ಕೊಟ್ಟ ಎಚ್ಚರಿಕೆಯನ್ನು ಗ್ರಾಹಕನಿಗೆ ದಾಟಿಸದೆ ಹಾನಿಯಾದರೆ ಹೊಣೆ ಅವನ ಹೆಗಲೇರುತ್ತದೆ. ಬಿಲ್ಲಿಲ್ಲದೆ ಕೊಂಡ ಸರಕನ್ನು ಮಾರುವವರು ಈ ಮಾತನ್ನು ಮರೆಯುವಂತಿಲ್ಲ. ಗ್ರಾಹಕನು ಉತ್ಪನ್ನವನ್ನು ದುರ್ಬಳಕೆ ಮಾಡಿದ್ದರೆ ಅಥವಾ ತಾನೇ ಮಾರ್ಪಡಿಸಿದ್ದರೆ, 87ನೇ ಕಲಮು ಮಾರಾಟಗಾರನಿಗೆ ರಕ್ಷಣೆ ನೀಡುತ್ತದೆ.

ಪರಿಹಾರದಲ್ಲಿನ ಭೇದ

39ನೇ ಕಲಮು ಆಯೋಗವು ನೀಡಬಹುದಾದ ಆದೇಶಗಳನ್ನು ಪಟ್ಟಿ ಮಾಡಿದೆ. ಪ್ರಯೋಗಾಲಯವು ತೋರಿಸಿದ ದೋಷದ ನಿವಾರಣೆ, ದೋಷರಹಿತವಾದ ಹೊಸ ಸರಕನ್ನು ಕೊಡುವುದು ಇವು ಸರಕಿಗೆ ಸಂಬಂಧಿಸಿದವು. ಬೆಲೆ ಅಥವಾ ಶುಲ್ಕವನ್ನು ಬಡ್ಡಿ ಸಹಿತ ಹಿಂದಿರುಗಿಸುವುದು, ಅಲಕ್ಷ್ಯದಿಂದಾದ ನಷ್ಟಕ್ಕೆ ಪರಿಹಾರ ಕೊಡುವುದು ಎರಡಕ್ಕೂ ಅನ್ವಯಿಸುವಂಥವು. ಯಾವ ದೋಷಕ್ಕೆ ಎಷ್ಟು ಪರಿಹಾರ ಎಂಬುದರಲ್ಲಿಯೂ ಅಳತೆಯಿದೆ. ಕಾರಿನ ಕ್ಲಚ್ಚಿನ ದೋಷಕ್ಕೆ ಸಂಬಂಧಿಸಿದ 2006ರ ತೀರ್ಪಿನಲ್ಲಿ, ವಾರಂಟಿಯು ದೋಷಯುಕ್ತ ಭಾಗದ ಬದಲಾವಣೆಯನ್ನು ಮಾತ್ರ ಒಪ್ಪಿಕೊಂಡಿರುವಾಗ ಇಡೀ ಕಾರನ್ನು ಬದಲಿಸಿಕೊಡಬೇಕೆಂಬ ಆದೇಶ ಸರಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಅಭಿಪ್ರಾಯಪಟ್ಟಿತು. ವಾರಂಟಿಯ ಷರತ್ತುಗಳನ್ನು ಸ್ಪಷ್ಟವಾಗಿ ಬರೆದವರಿಗೆ ಅದರ ಲಾಭ ದೊರೆಯುತ್ತದೆ.

‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸುವ ಹಳೆಯ ಪದ್ಧತಿಯ ಬಗ್ಗೆಯೂ ಒಂದು ಮಾತು ಅಗತ್ಯ. ದೋಷಯುಕ್ತ ಸರಕನ್ನು ಹಿಂದಕ್ಕೆ ಪಡೆಯಲು, ನ್ಯೂನತೆಯಿರುವ ಸೇವೆಯನ್ನು ನಿಲ್ಲಿಸಲು ಮತ್ತು ಪಡೆದ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ಹಿಂದಿರುಗಿಸಲು ನಿರಾಕರಿಸುವುದನ್ನು 2019ರ ಕಾಯಿದೆಯು ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಗೆ ಸೇರಿಸಿದೆ. ಬಣ್ಣ ಹಿಡಿಸಲಿಲ್ಲವೆಂದು ತಂದ ಸೀರೆಯನ್ನು ನಿರಾಕರಿಸುವುದು ಬೇರೆ. ನೇಯ್ಗೆ ಬಿಟ್ಟ ಸೀರೆಯನ್ನು ನಿರಾಕರಿಸುವುದು ಬೇರೆ.

ಗಡಿಯಲ್ಲಿರುವ ಸಂಗತಿಗಳು

ಸರಕೋ ಸೇವೆಯೋ ಎಂದು ಹೇಳುವುದು ಕೆಲವೆಡೆ ಸುಲಭವಲ್ಲ. ಹೊಸ ಮನೆಯ ಗೋಡೆ ಬಿರುಕುಬಿಟ್ಟರೆ ಅದು ದೋಷದಂತೆಯೇ ಕಾಣುತ್ತದೆ. ಆದರೆ ಗೃಹ ನಿರ್ಮಾಣವನ್ನು ಕಾಯಿದೆಯು ಸೇವೆಯ ಪಟ್ಟಿಯಲ್ಲಿ ಸೇರಿಸಿದೆ. ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ 1993ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಮನೆ ಕಟ್ಟಿಕೊಡುವುದು ಸೇವೆಯೆಂದು ಹೇಳಿತ್ತು. ಆದ್ದರಿಂದ ಕಳಪೆ ಸಾಮಗ್ರಿ, ತಡವಾದ ಹಸ್ತಾಂತರ ಎರಡೂ ಗುತ್ತಿಗೆದಾರನ ಸೇವೆಯ ನ್ಯೂನತೆಗಳೇ.

ವಿದ್ಯುತ್ತಿನ ವಿಷಯದಲ್ಲಿ ಕರ್ನಾಟಕದ್ದೇ ಒಂದು ನಿದರ್ಶನವಿದೆ. ಬೆಳಗಾವಿಯ ಕಬ್ಬಿಣದ ಉದ್ದಿಮೆಯೊಂದು ವಿದ್ಯುತ್ ಪೂರೈಕೆಯಲ್ಲಿ ಆದ ವಿಳಂಬದ ಬಗ್ಗೆ ಹೂಡಿದ ದೂರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವು ವಿದ್ಯುತ್ತು ಸರಕೆಂದೂ, ಅದನ್ನು ಕೊಂಡ ಉದ್ದೇಶ ವಾಣಿಜ್ಯದ್ದೆಂದೂ ವಾದಿಸಿತು. 2009ರ ತೀರ್ಪಿನಲ್ಲಿ ನ್ಯಾಯಾಲಯವು ಗ್ರಾಹಕನಿಗೆ ವಿದ್ಯುತ್ ಪೂರೈಸುವುದು ಸರಕಿನ ಮಾರಾಟವಲ್ಲ, ಸೇವೆ ಎಂದು ಹೇಳಿ, ದೂರಿನ ವಿಚಾರಣೆಗೆ ದಾರಿ ಮಾಡಿಕೊಟ್ಟಿತು. ಸರಕೆಂದಿದ್ದರೆ ಆ ದೂರು ಬಾಗಿಲಲ್ಲಿಯೇ ನಿಲ್ಲುತ್ತಿತ್ತು. ಸೇವೆಯೆಂದಾದ್ದರಿಂದ ಒಳಗೆ ಹೋಯಿತು. ಆದರೆ ಆ ವ್ಯವಹಾರ ನಡೆದ ಕಾಲದಲ್ಲಿ ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರೂ ಗ್ರಾಹಕರಾಗುತ್ತಿದ್ದರು. 2003ರ ಮಾರ್ಚಿನಿಂದ ಜಾರಿಗೆ ಬಂದ ತಿದ್ದುಪಡಿಯು ಆ ಅವಕಾಶವನ್ನು ತೆಗೆದುಹಾಕಿತು.

ವರ್ತಕನೇ ಕೊಳ್ಳುವವನಾದಾಗ

ಮೇಲಿನ ಮಾತು ವರ್ತಕರನ್ನೂ ಉದ್ದಿಮೆದಾರರನ್ನೂ ನೇರವಾಗಿ ತಟ್ಟುವಂಥದು. ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಕಾಯಿದೆಯ ಅರ್ಥದಲ್ಲಿ ಗ್ರಾಹಕನಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆಂದೇ ಕೊಂಡು ತಾನೇ ಬಳಸುವವನಿಗೆ ಮಾತ್ರ ವಿನಾಯಿತಿಯಿದೆ. ಸಣ್ಣ ಉದ್ದಿಮೆಯೊಂದು ಕೊಂಡ ಯಂತ್ರದ ದೋಷಕ್ಕೆ ಸಂಬಂಧಿಸಿದ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಗೆರೆಯನ್ನು ವಿವರಿಸಿತು. ಆಟೋರಿಕ್ಷಾ ಕೊಂಡು ತಾನೇ ಓಡಿಸುವವನು ಗ್ರಾಹಕ; ದೊಡ್ಡ ಪ್ರಮಾಣದ ತಯಾರಿಕೆಗೆ ಯಂತ್ರ ಕೊಂಡವನು ಗ್ರಾಹಕನಲ್ಲ. ವಿಮೆಯ ವಿಷಯದಲ್ಲಿ ಸ್ವಲ್ಪ ನಿರಾಳವಿದೆ. ನಷ್ಟ ತುಂಬಿಕೊಳ್ಳಲು ಮಾಡಿಸುವ ವಿಮೆಯು ಸಾಮಾನ್ಯವಾಗಿ ಲಾಭ ಗಳಿಕೆಯ ವ್ಯವಹಾರವಲ್ಲವಾದ್ದರಿಂದ, ವ್ಯಾಪಾರ ಸಂಸ್ಥೆಯೂ ವಿಮಾ ಕಂಪನಿಯ ಸೇವಾ ನ್ಯೂನತೆಯ ವಿರುದ್ಧ ದೂರು ನೀಡಬಹುದೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಗ್ರಾಹಕನಲ್ಲದ ಖರೀದಿದಾರನಿಗೆ ಆಸರೆ 1930ರ ಸರಕು ಮಾರಾಟ ಕಾಯಿದೆ. ಅದರ 16ನೇ ಕಲಮಿನಲ್ಲಿಯೂ ದೋಷದ ಮಾತು ಬರುತ್ತದೆ: ವಿವರಣೆಯ ಮೇಲೆ ಕೊಂಡ ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು, ಆದರೆ ಖರೀದಿದಾರನು ಪರಿಶೀಲಿಸಿಕೊಂಡಿದ್ದರೆ, ಆ ಪರಿಶೀಲನೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗೆ ಈ ಷರತ್ತು ಅನ್ವಯಿಸದು. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಸರಕು ಪಡೆದವರು 2006ರ ಎಂಎಸ್‌ಎಂಇಡಿ ಕಾಯಿದೆಯನ್ನೂ ನೆನಪಿಡಬೇಕು. ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಇಲ್ಲದಿದ್ದರೆ ತಲುಪಿದ ದಿನವೇ ಸ್ವೀಕೃತವಾದಂತೆ. ಹಣ ಪಾವತಿಯ ಗಡುವು ಅಲ್ಲಿಂದಲೇ ಎಣಿಕೆಯಾಗುತ್ತದೆ. ದೂರವಾಣಿಯಲ್ಲಿ ಹೇಳಿದ ದೂರು ಇಲ್ಲಿ ಲೆಕ್ಕಕ್ಕೆ ಬಾರದು.

ತೆರಿಗೆಯ ಕಾಗದಗಳಲ್ಲಿ

ಇವೇ ಪದಗಳು ಬೇರೆ ಕಾಯಿದೆಗಳಲ್ಲಿ ಬೇರೆ ವೇಷದಲ್ಲಿ ಬರುತ್ತವೆ. ಜಿಎಸ್‌ಟಿ ಕಾಯಿದೆಯ 34ನೇ ಕಲಮು ಕ್ರೆಡಿಟ್ ನೋಟ್ ನೀಡಬಹುದಾದ ಸಂದರ್ಭಗಳಲ್ಲಿ ಸರಕು ಅಥವಾ ಸೇವೆ ‘ಡಿಫಿಷಿಯೆಂಟ್’ ಎಂದು ಕಂಡುಬರುವುದನ್ನೂ ಸೇರಿಸಿದೆ. ಗ್ರಾಹಕ ಕಾಯಿದೆಯ ಭೇದ ಇಲ್ಲಿಲ್ಲ. ಸರಕಿಗೂ ಸೇವೆಗೂ ಒಂದೇ ಪದ.

ಅರ್ಜಿ ಮತ್ತು ವಿವರಣಪತ್ರಗಳ ವಿಷಯದಲ್ಲಿ ಮೂಲಾರ್ಥದ ಭೇದ ಮತ್ತೆ ತಲೆಯೆತ್ತುತ್ತದೆ. 1961ರ ಆದಾಯ ತೆರಿಗೆ ಕಾಯಿದೆಯ 139ನೇ ಕಲಮಿನ 9ನೇ ಉಪಕಲಮು ‘ಡಿಫೆಕ್ಟಿವ್’ ವಿವರಣಪತ್ರದ ಬಗ್ಗೆ ಮಾಡಿದ್ದ ಏರ್ಪಾಟಿನಲ್ಲಿ, ಸಲ್ಲಿಸಿದ್ದ ಪತ್ರದಲ್ಲಿನ ದೋಷವನ್ನು 15 ದಿನಗಳಲ್ಲಿ ಅಥವಾ ವಿಸ್ತರಿಸಿದ ಅವಧಿಯಲ್ಲಿ ಸರಿಪಡಿಸಲು ಅವಕಾಶವಿತ್ತು. ಜಿಎಸ್‌ಟಿ ಮರುಪಾವತಿಯ ಅರ್ಜಿಗೆ ಆರ್‌ಎಫ್‌ಡಿ–03 ನಮೂನೆಯಲ್ಲಿ ‘ಡಿಫಿಷಿಯೆನ್ಸಿ ಮೆಮೊ’ ಬಂದರೆ ಹಾಗಲ್ಲ. ಕೊರತೆಯನ್ನು ತುಂಬಿ ಹೊಸ ಅರ್ಜಿಯನ್ನೇ ಸಲ್ಲಿಸಬೇಕು. ಹಳೆಯ ಅರ್ಜಿಗೆ ಉತ್ತರ ಬರೆದು ಕಾಯುತ್ತ ಕುಳಿತವರಿಗೆ ಕಾಲಹರಣವೇ ಗತಿ. ಎರಡು ಪದಗಳ ನೋಟೀಸು ಎರಡು ಬಗೆಯ ಕೆಲಸವನ್ನು ಬೇಡುತ್ತದೆ.

ದೂರಿಗೆ ಉತ್ತರ ಬರೆಯುವ ಮುನ್ನ

ಈಗ ಪಂಪ್‌ಸೆಟ್ಟಿನ ಉದಾಹರಣೆಗೆ ಮರಳಬಹುದು. ಮೋಟಾರಿನ ವೈಂಡಿಂಗ್ ಕಳಪೆಯಾಗಿದ್ದರೆ ಅದು ದೋಷ. ಮುಖ್ಯ ಹೊಣೆ ತಯಾರಕರದು. ನೀರಿಲ್ಲದೆ ಓಡಿಸಿದರೆ ಸುಡುವುದೆಂಬ ಎಚ್ಚರಿಕೆಯನ್ನು ತಯಾರಕರು ಕೊಟ್ಟಿದ್ದು, ಅಂಗಡಿಯವರು ಅದನ್ನು ರೈತನಿಗೆ ದಾಟಿಸದಿದ್ದರೆ ಅಂಗಡಿಯೇ ಪ್ರಶ್ನೆಗೆ ಒಳಗಾಗುತ್ತದೆ. ಎಚ್ಚರಿಕೆಯನ್ನು ಮೀರಿ ರೈತನು ಓಡಿಸಿದ್ದರೆ ಅದು ದುರ್ಬಳಕೆಯ ಪ್ರಶ್ನೆ. ಮೆಕ್ಯಾನಿಕ್ ಹನ್ನೊಂದು ದಿನ ತಡವಾಗಿ ಹೋದದ್ದು, ಮೋಟಾರು ಯಾವ ಕಾರಣದಿಂದಲೇ ಸುಟ್ಟಿರಲಿ, ವಾರಂಟಿ ಸೇವೆಯನ್ನು ಒಪ್ಪಿಕೊಂಡ ಅಂಗಡಿಯ ಸೇವೆಯ ನ್ಯೂನತೆಯೆನಿಸಬಹುದು. ಮಾಲೀಕರು ಬರೆದ ಪತ್ರವಾದರೋ ತಮಗೆ ತಿಳಿಯದ ದೋಷವನ್ನು ಒಪ್ಪಿಕೊಂಡು, ತಮಗೆ ತಿಳಿದಿದ್ದ ನ್ಯೂನತೆಯ ಬಗ್ಗೆ ಮೌನವಾಗಿತ್ತು. ತಯಾರಕರೊಡನೆ ಅವರಿಗಿರುವ ಸಂಬಂಧಕ್ಕೂ ಅದರಿಂದ ಧಕ್ಕೆ, ರೈತನಿಗೂ ನ್ಯಾಯವಿಲ್ಲ.

ಇಂಥ ಸಂದರ್ಭಗಳಲ್ಲಿ ವರ್ತಕರು ಕೆಳಗಿನ ಅಂಶಗಳನ್ನು ಗಮನದಲ್ಲಿರಿಸಿಕೊಳ್ಳುವುದು ಒಳಿತು.

1. ದೂರಿನಲ್ಲಿ ಸರಕಿನ ಮಾತು ಎಷ್ಟು, ಸೇವೆಯ ಮಾತು ಎಷ್ಟು ಎಂಬುದನ್ನು ಬೇರ್ಪಡಿಸಿ, ಎರಡಕ್ಕೂ ಬೇರೆ ಬೇರೆಯಾಗಿ ಉತ್ತರಿಸಬೇಕು.

2. ಪರೀಕ್ಷೆ ಆಗುವವರೆಗೆ ‘ದೋಷವಿದೆ’ ಎಂದಾಗಲಿ ‘ದೋಷವಿಲ್ಲ’ ಎಂದಾಗಲಿ ಬರೆಯಬಾರದು. ‘ದೂರು ಬಂದಿದೆ, ಪರಿಶೀಲನೆಗೆ ಕಳುಹಿಸಲಾಗಿದೆ’ ಎಂಬುದೇ ಸರಿಯಾದ ಮಾತು. ಸುಟ್ಟ ಭಾಗವನ್ನು ಎಸೆಯದೆ ಗುರುತು ಹಾಕಿ ಇರಿಸಬೇಕು.

3. ತಮ್ಮ ಕಡೆಯ ವಿಳಂಬ ಅಥವಾ ಲೋಪ ನಿಜವಾಗಿದ್ದರೆ ಅದನ್ನು ಒಪ್ಪಿಕೊಂಡು ಕೂಡಲೇ ಸರಿಪಡಿಸುವುದು ಲೇಸು. ಮಾಹಿತಿಯನ್ನು ಮುಚ್ಚಿಡುವುದೇ ಮತ್ತೊಂದು ನ್ಯೂನತೆಯಾದೀತು.

4. ದೂರು ಬಂದ ದಿನಾಂಕ, ಕೆಲಸಗಾರ ಹೋದ ದಿನಾಂಕ, ಮಾಡಿದ ಕೆಲಸ ಇವುಗಳನ್ನು ಗ್ರಾಹಕನ ಸಹಿಯೊಂದಿಗೆ ಪುಸ್ತಕದಲ್ಲಿ ದಾಖಲಿಸಬೇಕು.

5. ಸೂಚನಾಪತ್ರ ಮತ್ತು ವಾರಂಟಿ ಕಾರ್ಡನ್ನು, ಸಾಧ್ಯವಾದರೆ ಕನ್ನಡದಲ್ಲಿ, ಕೊಟ್ಟು ಸಹಿ ಪಡೆಯಬೇಕು.

6. ಆಯೋಗದ ನೋಟೀಸು ಬಂದರೆ 30 ದಿನಗಳಲ್ಲಿ ಲಿಖಿತ ಉತ್ತರ ಸಲ್ಲಿಸಬೇಕು. ಹೆಚ್ಚೆಂದರೆ ಇನ್ನು 15 ದಿನಗಳ ಅವಕಾಶ ದೊರೆಯಬಹುದು. ಹಳೆಯ ಕಾಯಿದೆಯ ಇದೇ ಗಡುವನ್ನು ಮೀರಲಾಗದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಹೇಳಿದೆ.

ದೂರು ನೀಡಲು ಗ್ರಾಹಕನಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಕಾಲಾವಕಾಶವಿದೆ. ಅಷ್ಟು ಕಾಲ ದಾಖಲೆಗಳನ್ನು ಉಳಿಸಿಕೊಳ್ಳದ ವರ್ತಕನು ನಿರಪರಾಧಿಯಾಗಿದ್ದರೂ ಅದನ್ನು ತೋರಿಸಿಕೊಡಲಾರನು. ಸರಕನ್ನು ತಯಾರಿಸುವಾಗ ತೋರುವ ಎಚ್ಚರ ದೋಷವನ್ನು ತಡೆಯುತ್ತದೆ. ಮಾರಿದ ಮೇಲೂ ತೋರುವ ಎಚ್ಚರ ನ್ಯೂನತೆಯನ್ನು ತಡೆಯುತ್ತದೆ. ಕುಂದು ಯಾವುದು, ಕೊರತೆ ಯಾವುದು ಎಂದು ಬಿಡಿಸಿ ಹೇಳಬಲ್ಲ ವರ್ತಕನು ತನ್ನದಲ್ಲದ ಹೊಣೆಯನ್ನು ಹೊರಬೇಕಾಗಿಲ್ಲ, ತನ್ನದಾದ ಹೊಣೆಯಿಂದ ನುಣುಚಿಕೊಳ್ಳಬೇಕಾಗಿಯೂ ಇಲ್ಲ.